‘ಹೌದು’ ಎಂದವರ ಹೆಸರು ಎಲ್ಲಿದೆ? ಮಸೂದೆ, ಮತ, ಸದನ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಂಡನೆ, ಪರ್ಯಾಲೋಚನೆ, ಅಂಗೀಕಾರ, ಅಂಕಿತ. ಅಧಿವೇಶನದ ದಿನಗಳಲ್ಲಿ ಪತ್ರಿಕೆ ತೆರೆದರೆ ಕಣ್ಣಿಗೆ ಬೀಳುವ ಈ ಮಾತುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಉತ್ತರಗಳೆಲ್ಲ ಕರ್ನಾಟಕ ವಿಧಾನಮಂಡಲವನ್ನು ಎದುರಿಗಿಟ್ಟುಕೊಂಡು ಬರೆದವು. ಸಂಸತ್ತಿನ ರೀತಿ ಬೇರೆಯಿದ್ದ ಕಡೆ ಅಲ್ಲಲ್ಲೇ ಹೇಳಿದ್ದೇವೆ.

ಪ್ರಶ್ನೆ: ಯಾವ ಮಸೂದೆಯಾದರೂ ‘ಧ್ವನಿಮತದಿಂದ ಅಂಗೀಕಾರ’ ಎಂದೇ ಸುದ್ದಿ ಬರುತ್ತದೆ. ಜೋರಾಗಿ ಕೂಗಿದವರು ಗೆದ್ದಂತೆಯೇ? ನಮ್ಮ ಶಾಸಕರು ಯಾವ ಕಡೆ ಇದ್ದರು ಎಂದು ತಿಳಿಯುವುದು ಹೇಗೆ?
(ಪದವಿ ವಿದ್ಯಾರ್ಥಿನಿ, ಹಾಸನ)

ಸಭಾಧ್ಯಕ್ಷರು ಪ್ರಸ್ತಾವವನ್ನು ಓದಿ, ಪರವಾಗಿರುವವರು ‘ಹೌದು’ ಎನ್ನಿ ಎನ್ನುತ್ತಾರೆ. ಒಂದು ಕಡೆಯಿಂದ ‘ಹೌದು’ ಕೇಳುತ್ತದೆ. ವಿರೋಧ ಇರುವವರು ‘ಇಲ್ಲ’ ಎನ್ನಿ ಎನ್ನುತ್ತಾರೆ. ಇನ್ನೊಂದು ಕಡೆಯಿಂದ ‘ಇಲ್ಲ’ ಏಳುತ್ತದೆ. ಎರಡನ್ನೂ ಕೇಳಿಸಿಕೊಂಡು, ‘ಹೌದು ಎನ್ನುವವರೇ ಹೆಚ್ಚು ಎಂದು ಭಾವಿಸುತ್ತೇನೆ’ ಎಂದು ತಮ್ಮ ಅಭಿಪ್ರಾಯ ಹೇಳುತ್ತಾರೆ. ಇದು ತೀರ್ಪಲ್ಲ, ಅಂದಾಜು. ಇದಾದ ಮೇಲೆ ಒಂದು ಕ್ಷಣದ ಬಿಡುವಿದೆ. ಯಾರೂ ತಕರಾರು ತೆಗೆಯದಿದ್ದರೆ ‘ಪ್ರಸ್ತಾವವನ್ನು ಅಂಗೀಕರಿಸಲಾಯಿತು’ ಎನ್ನುತ್ತಾರೆ, ಮುಗಿಯಿತು.

ಆ ಒಂದು ಕ್ಷಣ ಬಹಳ ಬೆಲೆಯುಳ್ಳದ್ದು. ಆಗ ಯಾವ ಸದಸ್ಯರಾದರೂ ತಮ್ಮ ಜಾಗದಲ್ಲಿ ಎದ್ದು ನಿಂತು ‘ಮತ ವಿಭಜನೆ ಬೇಕು’ ಎಂದು ಕೇಳಬಹುದು. ಪಕ್ಷದ ನಾಯಕರೇ ಕೇಳಬೇಕೆಂದಿಲ್ಲ. ಕೇಳಿದರೆ ಗಂಟೆ ಬಾರಿಸುತ್ತಾರೆ. ಮೊಗಸಾಲೆಯಲ್ಲಿ, ಕ್ಯಾಂಟೀನಿನಲ್ಲಿ, ಕೊಠಡಿಗಳಲ್ಲಿ ಇರುವವರು ಓಡೋಡಿ ಬರುತ್ತಾರೆ. ಗಂಟೆ ನಿಂತ ಮೇಲೆ ಬಾಗಿಲು ಮುಚ್ಚುತ್ತಾರೆ, ಆಮೇಲೆ ಬಂದವರಿಗೆ ಒಳಗೆ ಪ್ರವೇಶವಿಲ್ಲ. ನಮ್ಮ ವಿಧಾನಸಭೆಯಲ್ಲಿ ಪರ ಇರುವವರನ್ನು ಸಾಲು ಸಾಲಾಗಿ ಎದ್ದು ನಿಲ್ಲಿಸಿ ಸಿಬ್ಬಂದಿ ಎಣಿಸುತ್ತಾರೆ, ಅನಂತರ ವಿರೋಧ ಇರುವವರನ್ನು, ಕೊನೆಗೆ ತಟಸ್ಥರನ್ನು. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಅವರ ವಿಶ್ವಾಸಮತದ ಪ್ರಸ್ತಾವ 99–105ರಲ್ಲಿ ಬಿದ್ದುಹೋದದ್ದು ಇಂಥ ತಲೆ ಎಣಿಕೆಯಲ್ಲೇ. ಲೋಕಸಭೆಯಲ್ಲಿ ಮೇಜಿನ ಗುಂಡಿ ಒತ್ತುತ್ತಾರೆ: ಪರಕ್ಕೆ ಹಸಿರು, ವಿರೋಧಕ್ಕೆ ಕೆಂಪು, ತಟಸ್ಥಕ್ಕೆ ಹಳದಿ. ಯಂತ್ರ ಸಿದ್ಧವಿಲ್ಲದಿದ್ದರೆ ಚೀಟಿ. 2023ರ ಸೆಪ್ಟೆಂಬರಿನಲ್ಲಿ ಹೊಸ ಸಂಸತ್ ಭವನದಲ್ಲಿ ಮಹಿಳಾ ಮೀಸಲಾತಿ ಮಸೂದೆ 454–2ರಲ್ಲಿ ಅಂಗೀಕಾರವಾದದ್ದು ಚೀಟಿಯ ಮತದಿಂದ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಧ್ವನಿಮತದಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ಕಡತದಲ್ಲಿ ಉಳಿಯುವುದು ‘ಅಂಗೀಕರಿಸಲಾಯಿತು’ ಎಂಬ ಒಂದೇ ಮಾತು. ಬರೀ ತಲೆ ಎಣಿಸಿದರೆ ಸಂಖ್ಯೆಯಷ್ಟೇ ಉಳಿಯುತ್ತದೆ. ಯಾರು ಎತ್ತ ಎಂಬುದು ದಾಖಲಾಗಬೇಕಾದರೆ ಹೆಸರು ಸಮೇತ ವಿಭಜನೆಯೇ ಆಗಬೇಕು, ಅದನ್ನು ಸದಸ್ಯರು ಬಾಯಿಬಿಟ್ಟು ಕೇಳಬೇಕು. ಮಸೂದೆಗಳ ಮೇಲೆ ಗುಪ್ತ ಮತದಾನ ಎಂಬುದಿಲ್ಲ. ಆದರೂ ನಮ್ಮಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಲ್ಲೇ ಸಾಗುವುದರಿಂದ, ಶಾಸಕರು ಐದು ವರ್ಷ ಯಾವ ಕಾನೂನಿಗೆ ಹೌದೆಂದರು, ಯಾವುದಕ್ಕೆ ಇಲ್ಲವೆಂದರು ಎಂಬ ಪಟ್ಟಿ ಮತದಾರರ ಕೈಗೆ ಸಿಗುವುದೇ ಇಲ್ಲ. ಇದು ಸಣ್ಣ ಕೊರತೆಯಲ್ಲ. ಬಹುಮತ ಖಚಿತವಿರುವಾಗ ವಿಭಜನೆ ಕೇಳಿ ಏನು ಪ್ರಯೋಜನ ಎನ್ನುವ ಸದಸ್ಯರಿದ್ದಾರೆ. ಪ್ರಯೋಜನ ಗೆಲುವಿನದಲ್ಲ, ದಾಖಲೆಯದು.

ಪ್ರಶ್ನೆ: ಸದನದ ಬಾವಿಗಿಳಿದು ಧಿಕ್ಕಾರ ಕೂಗುತ್ತಿರುವವರ ‘ಇಲ್ಲ’ ಲೆಕ್ಕಕ್ಕೆ ಬರುತ್ತದೆಯೇ?
(ಶಿಕ್ಷಕ, ಸಿಂಧನೂರು)

ಬಾವಿ ಎಂದರೆ ಸಭಾಧ್ಯಕ್ಷರ ಪೀಠದ ಮುಂದಿನ ತೆರೆದ ಜಾಗ. ಧ್ವನಿಮತದಲ್ಲಿ ಅಲ್ಲಿಂದ ಬಂದ ‘ಇಲ್ಲ’ ಗದ್ದಲದೊಳಗಿನ ಇನ್ನೊಂದು ಸದ್ದಾಗಿ ಕರಗುತ್ತದೆ. ವಿಭಜನೆಗೆ ಸದಸ್ಯರು ತಮ್ಮ ತಮ್ಮ ಆಸನದಲ್ಲಿರಬೇಕು, ಬಾವಿಯಲ್ಲಿ ನಿಂತವರನ್ನು ಎಣಿಸಲು ಬರುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳ ಮೇಲೆ ವಿರೋಧ ಪಕ್ಷಗಳು ವಿಭಜನೆ ಕೇಳಿದಾಗ, ಆಸನದಿಂದ ಕೇಳಬೇಕು ಎಂಬ ಕಾರಣ ಕೊಟ್ಟು ಉಪಸಭಾಪತಿ ಧ್ವನಿಮತಕ್ಕೇ ಹಾಕಿದರು. ಸದಸ್ಯರು ಆಸನದಲ್ಲಿದ್ದರೋ ಇಲ್ಲವೋ ಎಂಬ ವಾದ ಆಮೇಲೆ ಎಷ್ಟೋ ದಿನ ನಡೆಯಿತು. ಮಸೂದೆ ಮಾತ್ರ ಅಂಗೀಕಾರವಾಗಿಬಿಟ್ಟಿತ್ತು.

ನಮ್ಮಲ್ಲೂ ಇಂಥ ದಿನಗಳಿವೆ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಕಾಗದ ಹರಿದು ತೂರುವ ಗಲಾಟೆಯ ನಡುವೆಯೇ ಸಾರ್ವಜನಿಕ ಸಂಗ್ರಹಣೆಯ ಗುತ್ತಿಗೆಗಳಲ್ಲಿ ಮೀಸಲು ಕೊಡುವ ತಿದ್ದುಪಡಿ ಮಸೂದೆಯೂ ಶಾಸಕರ, ಸಚಿವರ ವೇತನ ಹೆಚ್ಚಿಸುವ ಮಸೂದೆಗಳೂ ಚರ್ಚೆಯಿಲ್ಲದೆ ಪಾಸಾದವು. ಶಾಸಕರ ಮೂಲವೇತನ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಅದೇ ದಿನ 18 ಶಾಸಕರು ಆರು ತಿಂಗಳ ಮಟ್ಟಿಗೆ ಅಮಾನತಾದರು, ಆ ಅಮಾನತು ಮೇ ತಿಂಗಳಲ್ಲಿ ರದ್ದಾಯಿತು. ವೇತನದಂಥ ವಿಷಯದಲ್ಲಿ ಯಾರು ಬೇಡ ಎಂದರು ಎಂದು ತಿಳಿಯುವ ಹಕ್ಕು ಜನರಿಗಿತ್ತು. ಬಾವಿಯಲ್ಲಿ ನಿಂತ ವಿರೋಧ ಪಕ್ಷ ಆ ಹಕ್ಕನ್ನು ಅವರ ಪರವಾಗಿ ಚಲಾಯಿಸಲಿಲ್ಲ, ಆಡಳಿತ ಪಕ್ಷವೂ ಗಲಾಟೆ ತಣ್ಣಗಾಗಲಿ ಎಂದು ಕಾಯಲಿಲ್ಲ. ಪ್ರತಿಭಟನೆ ಮಾಡುವವರು ಮತದ ಹೊತ್ತಿಗಾದರೂ ಜಾಗಕ್ಕೆ ಮರಳಿ ವಿಭಜನೆ ಕೇಳುವುದೇ ಜಾಣತನ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಒಂದು ಮಸೂದೆಗೆ ಒಂದೇ ಸಲ ಮತ ಹಾಕುತ್ತಾರೋ, ಹಲವು ಸಲವೋ? ‘ಖಂಡವಾರು’ ಎಂದರೇನು?
(ವಕೀಲಿ ಓದುತ್ತಿರುವವರು, ಧಾರವಾಡ)

ಹಲವು ಸಲ. ಜನರ ಗಮನವೆಲ್ಲ ಕೊನೆಯ ಮತದ ಮೇಲಿರುತ್ತದೆ, ಕಾನೂನಿನ ಆಕಾರ ತೀರ್ಮಾನವಾಗುವುದು ಮಾತ್ರ ನಡುವಿನ ಮತಗಳಲ್ಲಿ.

ಮೊದಲನೆಯದು ಮಂಡನೆ. ಸಚಿವರು ಮಸೂದೆ ಮಂಡಿಸಲು ಸದನದ ಅನುಮತಿ ಕೇಳುತ್ತಾರೆ. ಮಾಮೂಲಾಗಿ ಯಾರೂ ತಡೆಯುವುದಿಲ್ಲ. ಸದಸ್ಯರ ಕೈಗೆ ಬರುವ ಪ್ರತಿಯಲ್ಲಿ ಖಂಡಗಳಷ್ಟೇ ಅಲ್ಲದೆ, ಹಿಂಬದಿಯಲ್ಲಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ, ಬೊಕ್ಕಸದಿಂದ ಖರ್ಚಾಗುವುದಿದ್ದರೆ ಹಣಕಾಸಿನ ಜ್ಞಾಪನ ಇರುತ್ತದೆ. ತಿದ್ದುಪಡಿ ಮಸೂದೆಯಾದರೆ ಮೂಲ ಕಾಯ್ದೆಯ ಸಂಬಂಧಪಟ್ಟ ಪ್ರಕರಣಗಳನ್ನು ಅನುಬಂಧವಾಗಿ ಕೊಡುತ್ತಾರೆ. ಓದಬೇಕಾದದ್ದು ಅಲ್ಲಿಂದಲೇ. ‘ಮೂವತ್ತು ದಿನಗಳು ಎಂಬ ಪದಗಳಿಗೆ ಬದಲಾಗಿ ತೊಂಬತ್ತು ದಿನಗಳು ಎಂಬ ಪದಗಳನ್ನು ಪ್ರತಿಷ್ಠಾಪಿಸತಕ್ಕದ್ದು’ ಎಂಬ ಒಂದು ಸಾಲಿನ ಮಸೂದೆ ಕೈಗೆ ಬಂದರೆ, ಹಳೆಯ ಪ್ರಕರಣ ಪಕ್ಕದಲ್ಲಿಲ್ಲದೆ ಅದರ ತಲೆಬುಡ ತಿಳಿಯುವುದಿಲ್ಲ.

ಎರಡನೆಯದು ಪರ್ಯಾಲೋಚನೆ, ಅಂದರೆ ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳುವುದು. ಪ್ರತಿ ತಲುಪಿ ಇಂತಿಷ್ಟು ದಿನ ಕಳೆದ ಮೇಲೆ ಇದು ನಡೆಯಬೇಕೆಂದು ಕಾರ್ಯವಿಧಾನ ನಿಯಮಗಳು ಹೇಳುತ್ತವೆ. ಆ ಅಂತರವನ್ನು ಸಡಿಲಿಸುವ ಅಧಿಕಾರ ಸಭಾಧ್ಯಕ್ಷರಿಗಿದೆ. ‘ನಿನ್ನೆ ಮಂಡನೆ, ಇವತ್ತು ಪಾಸು’ ಎಂಬ ದೂರು ಹುಟ್ಟುವುದು ಈ ಸಡಿಲಿಕೆ ರೂಢಿಯಾದಾಗ. ಇದೇ ಹಂತದಲ್ಲಿ ಯಾವ ಸದಸ್ಯರಾದರೂ ‘ಮಸೂದೆಯನ್ನು ಸಮಿತಿಗೆ ಕಳುಹಿಸಿ’ ಅಥವಾ ‘ಜನಾಭಿಪ್ರಾಯಕ್ಕೆ ಹೊರಡಿಸಿ’ ಎಂದು ಪ್ರಸ್ತಾವ ತರಬಹುದು, ಅದರ ಮೇಲೂ ಮತ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಮಂಡನೆಯಾಗಿ, ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಜಂಟಿ ಸಮಿತಿಗೆ ಹೋಗಿ, 2025ರ ಮಾರ್ಚ್‌ನಲ್ಲಿ ಸದನಗಳ ಒಪ್ಪಿಗೆ ಪಡೆಯಿತು. ಸಮಿತಿಗೆ ಹೋದ ಮಸೂದೆ ನಿಧಾನವಾಗುತ್ತದೆ, ನಿಜ. ಆದರೆ ಪಾಲಿಕೆಯ ನೌಕರರಿಂದ ಹಿಡಿದು ನಿವಾಸಿಗಳ ಸಂಘದವರೆಗೆ ಯಾರಾದರೂ ಮಾತು ಹೇಳಲು ಜಾಗ ಸಿಗುವುದು ಅಲ್ಲೇ.

ಮೂರನೆಯದೇ ಖಂಡವಾರು ಪರಿಶೀಲನೆ. ಕಾಯ್ದೆಯಾದ ಮೇಲೆ ‘ಪ್ರಕರಣ’ ಎನ್ನುವುದನ್ನು ಮಸೂದೆಯಲ್ಲಿರುವಾಗ ‘ಖಂಡ’ ಎನ್ನುತ್ತಾರೆ. ‘2ನೇ ಖಂಡವು ವಿಧೇಯಕದ ಭಾಗವಾಗಿರಬೇಕು ಎಂಬುದು ಪ್ರಶ್ನೆ’ ಎಂದು ಸಭಾಧ್ಯಕ್ಷರು ಹೇಳುತ್ತಾರೆ. ಹೌದು, ಇಲ್ಲ, ಅಂಗೀಕಾರ. ಆಮೇಲೆ 3ನೆಯದು. ಯಾರೂ ತಿದ್ದುಪಡಿ ಸೂಚಿಸದಿದ್ದರೆ ‘2ರಿಂದ 14ರವರೆಗಿನ ಖಂಡಗಳು’ ಎಂದು ಒಟ್ಟಿಗೆ ಮತಕ್ಕೆ ಹಾಕಿಬಿಡುತ್ತಾರೆ. ಮೊದಲನೇ ಖಂಡ, ಪೀಠಿಕೆ, ಶೀರ್ಷಿಕೆ ಕೊನೆಗೆ ಬರುತ್ತವೆ. ಮೊದಲನೇ ಖಂಡದಲ್ಲಿ ಕಾಯ್ದೆಯ ಹೆಸರೂ ಜಾರಿಯ ದಿನವೂ ಇರುತ್ತದೆ. ಒಳಗಿನದೆಲ್ಲ ತೀರ್ಮಾನವಾದ ಮೇಲೆ ತಾನೆ ಹೆಸರಿಡುವುದು?

ಒಂದು ತಿದ್ದುಪಡಿಯನ್ನು ಹತ್ತಿರದಿಂದ ನೋಡೋಣ. ‘ಅರ್ಜಿ ಬಂದ ಮೂವತ್ತು ದಿನಗಳೊಳಗೆ ಅಧಿಕಾರಿಯು ಪರಿಹಾರ ನೀಡಬಹುದು’ ಎಂದು ಒಂದು ಖಂಡದಲ್ಲಿದೆ ಎನ್ನಿ. ಒಬ್ಬ ಸದಸ್ಯೆ ‘ನೀಡಬಹುದು’ ತೆಗೆದು ‘ನೀಡತಕ್ಕದ್ದು’ ಹಾಕಬೇಕೆಂದು ಸೂಚನೆ ಕೊಡುತ್ತಾರೆ. ಬದಲಾಗುವುದು ಒಂದೇ ಪದದ ಬಾಲ. ‘-ಬಹುದು’ ಎಂದಿದ್ದರೆ ಅಧಿಕಾರಿ ಕೊಡದಿದ್ದರೂ ತಪ್ಪಿತಸ್ಥನಲ್ಲ; ‘-ತಕ್ಕದ್ದು’ ಎಂದಾದರೆ ಕೊಡದವನನ್ನು ನ್ಯಾಯಾಲಯಕ್ಕೆ ಎಳೆಯಬಹುದು. ರೈತರಿಗೂ ಬಾಡಿಗೆದಾರರಿಗೂ ತಟ್ಟುವುದು ಇಂಥ ಬಾಲಗಳೇ. ಸೂಚನೆ ಲಿಖಿತವಾಗಿ, ಮುಂಚಿತವಾಗಿ, ಯಾವ ಖಂಡ, ಯಾವ ಸಾಲು, ಯಾವ ಪದ ಎಂದು ನಿಖರವಾಗಿ ಇರಬೇಕು. ಮಸೂದೆಯ ವ್ಯಾಪ್ತಿಯೊಳಗಿರಬೇಕು. ಮೂಲ ಉದ್ದೇಶವನ್ನೇ ಬುಡಮೇಲು ಮಾಡುವ ತಿದ್ದುಪಡಿಯನ್ನು ಸಭಾಧ್ಯಕ್ಷರು ಒಪ್ಪುವುದಿಲ್ಲ. ಇಲ್ಲಿ ತಪ್ಪು ನಡೆಯುವುದು ಹೀಗೆ: ಮಸೂದೆಯ ಪ್ರತಿ ಕೈಗೆ ಬಂದ ರಾತ್ರಿಯೇ ಚರ್ಚೆ ನಿಗದಿಯಾದರೆ ತಿದ್ದುಪಡಿ ಬರೆಯಲು ಸಮಯವಿರುವುದಿಲ್ಲ. ಸೂಚನೆ ಕೊಟ್ಟ ಸದಸ್ಯರು ಆ ಹೊತ್ತಿಗೆ ಸದನದಲ್ಲಿಲ್ಲದಿದ್ದರೆ ಅದು ಮಂಡನೆಯಾಗದೆ ಬಿದ್ದುಹೋಗುತ್ತದೆ. ಒಂದು ಖಂಡ ತಿದ್ದಿ, ಅದನ್ನು ಉಲ್ಲೇಖಿಸುವ ಇನ್ನೊಂದು ಖಂಡವನ್ನು ಮರೆತರೆ ಕಾಯ್ದೆಯೊಳಗೇ ವೈರುಧ್ಯ ಉಳಿದು ಮುಂದಿನ ವರ್ಷ ಇನ್ನೊಂದು ತಿದ್ದುಪಡಿ ಮಸೂದೆ ಬರುತ್ತದೆ.

ನಾಲ್ಕನೆಯದು ‘ವಿಧೇಯಕವನ್ನು ಅಂಗೀಕರಿಸಬೇಕು’ ಎಂಬ ಕೊನೆಯ ಮತ. ಈ ಹೊತ್ತಿಗೆ ಪದಗಳನ್ನು ಬದಲಿಸುವ ಅವಕಾಶ ಹೆಚ್ಚುಕಡಿಮೆ ಮುಗಿದಿರುತ್ತದೆ, ಇಡಿಯಾಗಿ ಒಪ್ಪಬೇಕು ಅಥವಾ ಬಿಡಬೇಕು.

ಪ್ರಶ್ನೆ: 224 ಶಾಸಕರಿರುವ ಸದನದಲ್ಲಿ ಮಸೂದೆ ಗೆಲ್ಲಲು 113 ಮತ ಬೇಕಲ್ಲವೇ?
(ಓದುಗರು, ದಾವಣಗೆರೆ)

ಬೇಡ. ಸಂವಿಧಾನದ 189ನೇ ವಿಧಿಯ ಮಾತು ‘ಹಾಜರಿದ್ದು ಮತ ನೀಡಿದವರ ಬಹುಮತ’ ಎಂಬುದು. ಪೀಠದಲ್ಲಿರುವವರು ಮೊದಲ ಸುತ್ತಿನಲ್ಲಿ ಮತ ಹಾಕುವುದಿಲ್ಲ, ತಟಸ್ಥರು ಲೆಕ್ಕಕ್ಕಿಲ್ಲ. 150 ಜನ ಬಂದಿದ್ದಾರೆ, ಪೀಠದಲ್ಲಿ ಒಬ್ಬರು, ತಟಸ್ಥರು 10 ಎಂದಿಟ್ಟುಕೊಳ್ಳಿ. ಉಳಿದ 139 ಮತಗಳಲ್ಲಿ 70 ಬಿದ್ದರೆ ಮಸೂದೆ ಪಾಸು. ಮೇಲೆ ಹೇಳಿದ 2019ರ ವಿಶ್ವಾಸಮತದಲ್ಲೂ 113 ಯಾರಿಗೂ ಬರಲಿಲ್ಲ, 105ಕ್ಕೇ ಸರ್ಕಾರ ಉರುಳಿತು. ಗೈರುಹಾಜರಿಯೂ ಒಂದು ಬಗೆಯ ಮತ ಎನ್ನುವುದು ಇದಕ್ಕೇ.

ಮತ ಸಮ ಸಮವಾದರೆ ಪೀಠದಲ್ಲಿರುವವರು ನಿರ್ಣಾಯಕ ಮತ ಹಾಕುತ್ತಾರೆ. ಸಭಾಧ್ಯಕ್ಷರೇ ಆಗಲಿ, ಆ ಹೊತ್ತಿಗೆ ಕೂತಿರುವ ಉಪಸಭಾಧ್ಯಕ್ಷರೇ ಆಗಲಿ, ನಿಯಮ ಒಂದೇ. ಕೋರಂ, ಅಂದರೆ ಕಲಾಪ ನಡೆಯಲು ಇರಲೇಬೇಕಾದ ಹಾಜರಿ, ಕನಿಷ್ಠ 10 ಅಥವಾ ಒಟ್ಟು ಸಂಖ್ಯೆಯ ಹತ್ತನೇ ಒಂದು ಭಾಗ, ಎರಡರಲ್ಲಿ ಹೆಚ್ಚಿನದು. ಹಾಗಾಗಿ ವಿಧಾನಸಭೆಗೆ 23, ವಿಧಾನ ಪರಿಷತ್ತಿಗೆ 10. ಮಧ್ಯಾಹ್ನದ ಊಟದ ನಂತರ ಕೋರಂ ಗಂಟೆ ಬಾರಿಸುತ್ತಲೇ ಇರುವ ದಿನಗಳೂ ಉಂಟು. ಯಾರಾದರೂ ಎದ್ದು ‘ಕೋರಂ ಇಲ್ಲ’ ಎಂದು ತೋರಿಸಿದರೆ, ಸಂಖ್ಯೆ ತುಂಬುವವರೆಗೆ ಕಲಾಪ ನಿಲ್ಲಿಸುವುದು ಪೀಠದ ಕರ್ತವ್ಯ. ತೋರಿಸುವವರೇ ಇಲ್ಲದಿದ್ದರೆ ಬೆರಳೆಣಿಕೆಯ ಜನರ ಮುಂದೆಯೇ ಮಸೂದೆ ಸಾಗುತ್ತದೆ.

ಪ್ರಶ್ನೆ: ವಿಧಾನ ಪರಿಷತ್ ಸದಸ್ಯರಾಗಿರುವ ಸಚಿವರು ವಿಧಾನಸಭೆಯಲ್ಲಿ ಮತ ಹಾಕಬಹುದೇ? ನಾಮನಿರ್ದೇಶಿತರಿಗೆ ಮತವಿದೆಯೇ?
(ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ವಿಜಯಪುರ)

ಸಚಿವರು ಎರಡೂ ಸದನಗಳಲ್ಲಿ ಮಾತಾಡಬಹುದು, ಮತ ಮಾತ್ರ ತಾವು ಸದಸ್ಯರಾದ ಸದನದಲ್ಲಿ. ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಕೂಡ ಮಾತಾಡಬಹುದು, ಅವರಿಗೆ ಎಲ್ಲೂ ಮತವಿಲ್ಲ. ಪರಿಷತ್ತಿನ 75 ಸದಸ್ಯರಲ್ಲಿ ರಾಜ್ಯಪಾಲರು ನಾಮನಿರ್ದೇಶನ ಮಾಡುವ 11 ಮಂದಿಗೆ ಉಳಿದವರಷ್ಟೇ ಮತಾಧಿಕಾರವಿದೆ. ಪ್ರಮಾಣವಚನ ತೆಗೆದುಕೊಳ್ಳದೆ ಸದನದಲ್ಲಿ ಕೂತರೆ ಅಥವಾ ಮತ ಹಾಕಿದರೆ 193ನೇ ವಿಧಿಯ ಪ್ರಕಾರ ದಿನಕ್ಕೆ 500 ರೂಪಾಯಿ ದಂಡ. ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ ಇದು.

ಪ್ರಶ್ನೆ: ವಿಪ್ ಕೊಟ್ಟ ಮೇಲೆ ಶಾಸಕರು ಮನಸ್ಸಾಕ್ಷಿಯಂತೆ ಮತ ಹಾಕಲು ಆಗುವುದೇ ಇಲ್ಲವೇ?
(ನಿವೃತ್ತ ಬ್ಯಾಂಕ್ ನೌಕರ, ಮಂಗಳೂರು)

ವಿಪ್ ಎಂದರೆ ಹೀಗೇ ಮತ ಹಾಕಿ ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ನಿರ್ದೇಶನ. ಅದನ್ನು ಮೀರಿ ಹಾಕಬಹುದು, ಹಾಕಿದ ಮತ ಲೆಕ್ಕಕ್ಕೂ ಬರುತ್ತದೆ. ತಪ್ಪು ತಿಳಿವಳಿಕೆ ಬಹಳ ಇರುವುದು ಇಲ್ಲಿಯೇ. ವಿಪ್ ಮೀರಿದ ಮತ ಅಸಿಂಧುವಾಗುವುದಿಲ್ಲ, ಹಾಕಿದವರ ಸದಸ್ಯತ್ವ ಅಪಾಯಕ್ಕೆ ಸಿಲುಕುತ್ತದೆ. 1985ರ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕುವುದೂ ಮತ ಹಾಕದೆ ಉಳಿಯುವುದೂ ಒಂದೇ ತಪ್ಪು. ಮುಂಚೆ ಅನುಮತಿ ಪಡೆದಿದ್ದರೆ ಅಥವಾ 15 ದಿನಗಳೊಳಗೆ ಪಕ್ಷ ಮನ್ನಿಸಿದರೆ ತಪ್ಪಿಲ್ಲ. ತೀರ್ಮಾನಿಸುವವರು ಸಭಾಧ್ಯಕ್ಷರು, ಪರಿಷತ್ತಿನಲ್ಲಾದರೆ ಸಭಾಪತಿ. ಅವರ ತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂದು 1992ರ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2010ರ ಅಕ್ಟೋಬರಿನಲ್ಲಿ ಕರ್ನಾಟಕದ 16 ಶಾಸಕರನ್ನು ಅನರ್ಹಗೊಳಿಸಿದ ಆದೇಶ 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ರದ್ದಾದದ್ದು ನೆನಪಿರಬಹುದು. 2019ರಲ್ಲಿ 17 ಶಾಸಕರ ಅನರ್ಹತೆಯನ್ನು ಅದೇ ನ್ಯಾಯಾಲಯ ಎತ್ತಿಹಿಡಿದು, ಮರುಚುನಾವಣೆಗೆ ನಿಲ್ಲಲು ಬಿಟ್ಟಿತು.

ವಿಶ್ವಾಸಮತ ಮತ್ತು ಪಕ್ಷದ ಮುಖ್ಯ ನೀತಿಯ ವಿಷಯಗಳಿಗಷ್ಟೇ ಅನರ್ಹತೆಯ ಕತ್ತಿ ಇರಲಿ ಎಂಬ ಧಾಟಿಯ ಮಾತನ್ನು ಕಿಹೊಟೊ ತೀರ್ಪೇ ಆಡಿದೆ. ನಾವೂ ಹಾಗೇ ಭಾವಿಸುತ್ತೇವೆ. ಗುಡಿಯ ಆದಾಯ, ಮಾರುಕಟ್ಟೆ ಸಮಿತಿ, ವಿಶ್ವವಿದ್ಯಾಲಯದ ಆಡಳಿತದಂಥ ಮಸೂದೆಗಳಲ್ಲಿ ಆಯಾ ಜಿಲ್ಲೆಯ ಅನುಭವವಿರುವ ಸದಸ್ಯರು ಪಕ್ಷದ ಸಾಲು ಬಿಟ್ಟು ತಿದ್ದುಪಡಿಗೆ ಬೆಂಬಲ ಕೊಡುವಂತಾದರೆ ಕಾನೂನು ಸುಧಾರಿಸುತ್ತದೆ. ಹಣ ಪಡೆದು ಮತ ಹಾಕುವುದು ಬೇರೆಯೇ ವಿಷಯ. ಸದನದೊಳಗಿನ ಮತಕ್ಕೆ ಇರುವ ವಿಶೇಷಾಧಿಕಾರ ಲಂಚಕ್ಕೆ ರಕ್ಷಣೆಯಲ್ಲ ಎಂದು 2024ರ ಮಾರ್ಚ್ 4ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಸೀತಾ ಸೊರೇನ್ ಪ್ರಕರಣದಲ್ಲಿ ಹೇಳಿ, 1998ರ ತನ್ನದೇ ತೀರ್ಪನ್ನು ಬದಿಗೆ ಸರಿಸಿತು.

ಪ್ರಶ್ನೆ: ವಿಧಾನ ಪರಿಷತ್ತು ತಿರಸ್ಕರಿಸಿದರೆ ಮಸೂದೆ ಸತ್ತಂತೆಯೇ? ಸಂಸತ್ತಿನ ಹಾಗೆ ಜಂಟಿ ಅಧಿವೇಶನ ಕರೆಯುತ್ತಾರೆಯೇ?
(ಗೃಹಿಣಿ, ಶಿರಸಿ)

ರಾಜ್ಯಗಳಲ್ಲಿ ಜಂಟಿ ಅಧಿವೇಶನದ ಮತ ಎಂಬುದಿಲ್ಲ. ಕೊನೆಯ ಮಾತು ವಿಧಾನಸಭೆಯದು, ಪರಿಷತ್ತಿಗೆ ಇರುವುದು ತಡೆಯುವ ಶಕ್ತಿ. 197ನೇ ವಿಧಿಯ ಲೆಕ್ಕ ಹೀಗಿದೆ: ಪರಿಷತ್ತು ಮಸೂದೆಯನ್ನು ತಿರಸ್ಕರಿಸಿದರೆ, ಅಥವಾ ಅದರ ಮುಂದಿಟ್ಟು ಮೂರು ತಿಂಗಳು ಮೀರಿದರೂ ಅಂಗೀಕರಿಸದಿದ್ದರೆ, ಅಥವಾ ವಿಧಾನಸಭೆ ಒಪ್ಪದ ತಿದ್ದುಪಡಿ ಮಾಡಿದರೆ, ವಿಧಾನಸಭೆ ಅದನ್ನು ಮತ್ತೆ ಅಂಗೀಕರಿಸಿ ಕಳುಹಿಸಬಹುದು. ಎರಡನೇ ಸಲವೂ ತಿರಸ್ಕರಿಸಿದರೆ ಅಥವಾ ಒಂದು ತಿಂಗಳು ಮೀರಿದರೆ, ಎರಡೂ ಸದನ ಒಪ್ಪಿದಂತೆಯೇ ಎಂದು ಸಂವಿಧಾನ ಭಾವಿಸುತ್ತದೆ. ತೆರಿಗೆ, ಬೊಕ್ಕಸದ ಖರ್ಚಿನಂಥ ಹಣದ ವಿಷಯಗಳಷ್ಟೇ ಇರುವ ಮಸೂದೆಗೆ, ಅಂದರೆ ಧನ ವಿಧೇಯಕಕ್ಕೆ, ಇಷ್ಟೂ ಇಲ್ಲ. ಅದು ವಿಧಾನಸಭೆಯಲ್ಲೇ ಹುಟ್ಟಬೇಕು, ಪರಿಷತ್ತು 14 ದಿನಗಳಲ್ಲಿ ಸಲಹೆ ಸಮೇತ ಮರಳಿಸಬೇಕು, ಸಲಹೆ ಒಪ್ಪುವುದೂ ಬಿಡುವುದೂ ವಿಧಾನಸಭೆಗೆ ಬಿಟ್ಟದ್ದು. ಧನ ವಿಧೇಯಕ ಹೌದೋ ಅಲ್ಲವೋ ಎಂಬುದಕ್ಕೆ ಸಭಾಧ್ಯಕ್ಷರ ಪ್ರಮಾಣಪತ್ರ ಸಾಕು.

ಇತ್ತೀಚಿನ ಒಳ್ಳೆಯ ಉದಾಹರಣೆ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ತಿದ್ದುಪಡಿ ಮಸೂದೆ. ವಾರ್ಷಿಕ ಆದಾಯ 1 ಕೋಟಿ ರೂಪಾಯಿ ಮೀರಿದ ದೇವಸ್ಥಾನಗಳಿಂದ ಶೇ 10 ಪಡೆದು ಸಾಮಾನ್ಯ ನಿಧಿಗೆ ಸೇರಿಸುವ ಅಂಶ ಅದರಲ್ಲಿತ್ತು. 2024ರ ಫೆಬ್ರುವರಿ 21ರಂದು ವಿಧಾನಸಭೆ ಒಪ್ಪಿತು. ಎರಡೇ ದಿನಕ್ಕೆ, ಬಿಜೆಪಿ–ಜೆಡಿಎಸ್ ಸದಸ್ಯರ ಸಂಖ್ಯೆ ಹೆಚ್ಚಿದ್ದ ಪರಿಷತ್ತಿನಲ್ಲಿ ಧ್ವನಿಮತದಲ್ಲೇ ಬಿದ್ದುಹೋಯಿತು. ಆ ತಿಂಗಳ ಕೊನೆಯಲ್ಲಿ ವಿಧಾನಸಭೆ ಮತ್ತೆ ಒಪ್ಪಿಗೆ ಕೊಟ್ಟಿತು. ಮೇಲ್ಮನೆಯಲ್ಲಿ ಬಹುಮತವಿಲ್ಲದ ಸರ್ಕಾರ ಮಸೂದೆ ತರುವ ಮೊದಲು ಅಲ್ಲಿನ ಹಾಜರಿ ಎಣಿಸಿ ದಿನ ಗೊತ್ತುಮಾಡಬೇಕು ಎಂಬುದನ್ನು ಆ ವಾರ ತೋರಿಸಿತು.

ಒಂದು ಎಚ್ಚರಿಕೆ. ವಿಧಾನಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಇರುವ ಮಸೂದೆಗಳೂ, ಅಲ್ಲಿ ಪಾಸಾಗಿ ಪರಿಷತ್ತಿನಲ್ಲಿ ಬಾಕಿ ಉಳಿದವೂ ಬಿದ್ದುಹೋಗುತ್ತವೆ. ಪರಿಷತ್ತಿನಲ್ಲೇ ಹುಟ್ಟಿ ವಿಧಾನಸಭೆ ಇನ್ನೂ ಅಂಗೀಕರಿಸದೆ ಪರಿಷತ್ತಿನಲ್ಲೇ ಇರುವವು ಉಳಿಯುತ್ತವೆ. ಅಧಿವೇಶನ ಮುಂದೂಡಿದ ಮಾತ್ರಕ್ಕೆ ಯಾವುದೂ ಬೀಳುವುದಿಲ್ಲ.

ಪ್ರಶ್ನೆ: ಸುಗ್ರೀವಾಜ್ಞೆ ತಂದರೆ ಮತವೇ ಬೇಡವಲ್ಲ?
(ಅಂಗಡಿ ಮಾಲೀಕ, ಬೆಂಗಳೂರು)

ತಡವಾಗಿಯಾದರೂ ಬೇಕು. ಸದನ ನಡೆಯದಿರುವಾಗ 213ನೇ ವಿಧಿಯಡಿ ರಾಜ್ಯಪಾಲರು ಹೊರಡಿಸುವ ಸುಗ್ರೀವಾಜ್ಞೆ, ಸದನ ಮತ್ತೆ ಸೇರಿದ ಆರು ವಾರಕ್ಕೆ ಮುಗಿದುಹೋಗುತ್ತದೆ. ಎರಡು ಸದನ ಬೇರೆ ಬೇರೆ ದಿನ ಸೇರಿದರೆ ಕೊನೆಗೆ ಸೇರಿದ ದಿನದಿಂದ ಎಣಿಕೆ. ಅಷ್ಟರೊಳಗೆ ಮಸೂದೆಯಾಗಿ ಪಾಸಾಗಬೇಕು. ಸದನದ ಮುಂದೆ ತರದೆ ಮತ್ತೆ ಮತ್ತೆ ಹೊರಡಿಸುವುದು ಸಂವಿಧಾನಕ್ಕೆ ಬಗೆಯುವ ವಂಚನೆ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಿಮ್ಮ ಅಂಗಡಿಯ ನಾಮಫಲಕದ ವಿಷಯವೇ ಇದಕ್ಕೆ ಉದಾಹರಣೆ. ಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯ ಮಾಡುವ ಸುಗ್ರೀವಾಜ್ಞೆಯನ್ನು 2024ರ ಜನವರಿಯಲ್ಲಿ ಸರ್ಕಾರ ಕಳುಹಿಸಿದಾಗ, ಅಧಿವೇಶನ ಹತ್ತಿರದಲ್ಲೇ ಇದೆ, ಸದನದಲ್ಲೇ ಒಪ್ಪಿಗೆ ಪಡೆಯಿರಿ ಎಂದು ರಾಜ್ಯಪಾಲರು ಮರಳಿಸಿದರು. ಫೆಬ್ರುವರಿ ಅಧಿವೇಶನದಲ್ಲಿ ಅದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಮಸೂದೆಯಾಗಿ ಪಾಸಾಯಿತು. ಒಂದು ತಿಂಗಳು ತಡವಾದದ್ದರಿಂದ ಕನ್ನಡಕ್ಕೆ ನಷ್ಟವೇನೂ ಆಗಲಿಲ್ಲ, ಶಾಸನಸಭೆಯ ಮುದ್ರೆ ಬಿದ್ದ ಕಾನೂನು ಸಿಕ್ಕಿತು.

ಪ್ರಶ್ನೆ: ಎರಡೂ ಸದನ ಒಪ್ಪಿದ ಮೇಲೂ ರಾಜ್ಯಪಾಲರು ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದೇ?
(ಉಪನ್ಯಾಸಕಿ, ಕಲಬುರಗಿ)

200ನೇ ವಿಧಿಯಡಿ ಅವರಿಗಿರುವ ದಾರಿಗಳು: ಅಂಕಿತ ಹಾಕುವುದು, ಸಂದೇಶದೊಂದಿಗೆ ಸದನಕ್ಕೆ ಮರಳಿಸುವುದು, ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸುವುದು. ಮರಳಿಸಿದ ಮಸೂದೆಯನ್ನು ಸದನ ತಿದ್ದಿಯೋ ತಿದ್ದದೆಯೋ ಮತ್ತೆ ಅಂಗೀಕರಿಸಿದರೆ ಅಂಕಿತ ತಡೆಹಿಡಿಯುವಂತಿಲ್ಲ. ಧನ ವಿಧೇಯಕವನ್ನು ಮರಳಿಸುವಂತೆಯೇ ಇಲ್ಲ. 2025ರ ಏಪ್ರಿಲ್ 8ರ ತಮಿಳುನಾಡು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಡುವುಗಳನ್ನು ಹಾಕಿತ್ತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದ ಮೇಲೆ, ಅದೇ ವರ್ಷದ ನವೆಂಬರ್ 20ರಂದು ಐವರು ನ್ಯಾಯಮೂರ್ತಿಗಳ ಪೀಠ ನ್ಯಾಯಾಲಯ ಗಡುವು ಹಾಕುವಂತಿಲ್ಲ, ಅಂಕಿತ ಬಿದ್ದಂತೆ ಎಂದು ಭಾವಿಸುವಂತೆಯೂ ಇಲ್ಲ ಎಂದಿತು. ಆದರೆ ಸದನಕ್ಕೆ ಮರಳಿಸದೆ ಸುಮ್ಮನೆ ತಡೆಹಿಡಿಯುವ ಅಧಿಕಾರ ರಾಜ್ಯಪಾಲರಿಗಿಲ್ಲ, ಕಾರಣವಿಲ್ಲದೆ ದೀರ್ಘಕಾಲ ಸುಮ್ಮನಿದ್ದರೆ ‘ತೀರ್ಮಾನ ತೆಗೆದುಕೊಳ್ಳಿ’ ಎಂದಷ್ಟು ನ್ಯಾಯಾಲಯ ಹೇಳಬಹುದು ಎಂದೂ ಸ್ಪಷ್ಟಪಡಿಸಿತು.

ಇವೆಲ್ಲದರ ಹೊರಗೆ, ಸ್ಪಷ್ಟನೆ ಕೇಳಿ ಕಡತವನ್ನು ಸರ್ಕಾರಕ್ಕೆ ಕಳುಹಿಸುವ ರೂಢಿಯೂ ಇದೆ. ಗ್ರೇಟರ್ ಬೆಂಗಳೂರು ಮಸೂದೆಗೆ ಹಾಗೆ ಸ್ಪಷ್ಟನೆ ಕೇಳಿ, ಉತ್ತರ ಬಂದ ಮೇಲೆ 2025ರ ಏಪ್ರಿಲ್‌ನಲ್ಲಿ ಅಂಕಿತ ಬಿತ್ತು. ಗುತ್ತಿಗೆ ಮೀಸಲಿನ ಮಸೂದೆಯನ್ನು ಅದೇ ತಿಂಗಳು ರಾಷ್ಟ್ರಪತಿಗಳಿಗೆ ಕಾದಿರಿಸಲಾಯಿತು.

ಅಂಕಿತ ಬಿದ್ದ ದಿನವೇ ಕಾನೂನು ಜಾರಿಯಾಯಿತು ಎಂದುಕೊಳ್ಳಬೇಡಿ. ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಮೊದಲನೇ ಪ್ರಕರಣದಲ್ಲಿ ‘ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುವ ದಿನಾಂಕದಿಂದ’ ಎಂದಿದ್ದರೆ ಆ ಅಧಿಸೂಚನೆಗೂ ಕಾಯಬೇಕು. ಗ್ರೇಟರ್ ಬೆಂಗಳೂರು ಕಾಯ್ದೆ ಜಾರಿಗೆ ಬಂದದ್ದು 2025ರ ಮೇ 15ರಿಂದ.

ಪ್ರಶ್ನೆ: ಚರ್ಚೆಯೇ ಇಲ್ಲದೆ ಪಾಸಾದ ಕಾಯ್ದೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದೇ?
(ಓದುಗರು, ಮೈಸೂರು)

ಚರ್ಚೆಯಾಗಲಿಲ್ಲ ಎಂಬುದೊಂದೇ ಕಾರಣಕ್ಕಾದರೆ ಗೆಲ್ಲುವುದು ಕಷ್ಟ. ಕಾರ್ಯವಿಧಾನದ ಲೋಪವನ್ನು ಹಿಡಿದು ಸದನದ ನಡವಳಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಾರದು ಎಂದು 212ನೇ ವಿಧಿ ಹೇಳುತ್ತದೆ. ಕಾಯ್ದೆಯ ತಿರುಳು ಸಂವಿಧಾನಕ್ಕೆ ವಿರುದ್ಧ ಎಂದು ವಾದಿಸಬಹುದು. ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2021ರ ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆಯ ಭಾಗಗಳನ್ನು ನಮ್ಮ ಹೈಕೋರ್ಟ್ 2022ರ ಫೆಬ್ರುವರಿ 14ರಂದು ಹೊಡೆದುಹಾಕಿದ್ದು ಹಾಗೆ.

ಪ್ರಶ್ನೆ: ಮತಕ್ಕೆ ಬರುವ ಮೊದಲೇ ಮಸೂದೆ ಓದಿ, ನಮ್ಮ ಶಾಸಕರಿಗೆ ಏನಾದರೂ ಹೇಳಲು ಸಾಧ್ಯವೇ?
(ರೈತ, ಮಳವಳ್ಳಿ)

ಸಾಧ್ಯ, ಸಮಯ ಮಾತ್ರ ಕಡಿಮೆ. ಮಂಡನೆಯಾದ ಮಸೂದೆಗಳನ್ನು ಕರ್ನಾಟಕ ವಿಧಾನಮಂಡಲದ ಜಾಲತಾಣದಲ್ಲಿ ಹಾಕುತ್ತಾರೆ, ಕಾಯ್ದೆಯಾದವು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಸಿಗುತ್ತವೆ. ಉದ್ದೇಶಗಳ ಹೇಳಿಕೆಯನ್ನು ಮೊದಲು ಓದಿ, ಆಮೇಲೆ ಅನುಬಂಧದ ಹಳೆಯ ಪ್ರಕರಣ, ಕೊನೆಗೆ ಹೊಸ ಖಂಡ. ‘ನಿಯಮಿಸಬಹುದಾದಂತೆ’ ಎಂಬ ಪದ ಎಲ್ಲೆಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಅಲ್ಲೆಲ್ಲ ತೀರ್ಮಾನ ಸದನದ ಕೈಬಿಟ್ಟು, ಮುಂದೆ ನಿಯಮ ಬರೆಯುವ ಇಲಾಖೆಯ ಕೈಗೆ ಹೋಗುತ್ತದೆ.

ಶಾಸಕರಿಗೆ ಬರೆಯುವಾಗ ‘ಈ ಮಸೂದೆ ಬೇಡ’ ಎಂಬ ಪತ್ರಕ್ಕಿಂತ ‘7ನೇ ಖಂಡದ 2ನೇ ಉಪಖಂಡದಲ್ಲಿ ಮೂವತ್ತು ದಿನ ಎಂಬುದನ್ನು ತೊಂಬತ್ತು ಎಂದು ಮಾಡಿ, ನಾಲೆಯ ಕೊನೆ ಭಾಗದವರಿಗೆ ನೋಟಿಸು ತಲುಪುವುದೇ ತಿಂಗಳಾಗುತ್ತದೆ’ ಎಂಬ ಎರಡು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಅದನ್ನು ಹಾಗೇ ತಿದ್ದುಪಡಿ ಸೂಚನೆಯಾಗಿ ಕೊಡಬಹುದು. ಅಧಿವೇಶನ ಮುಗಿದ ಮೇಲೆ ಎರಡೇ ಪ್ರಶ್ನೆ ಕೇಳಿ: ಆ ಖಂಡ ಮತಕ್ಕೆ ಬಂದಾಗ ಸದನದಲ್ಲಿದ್ದಿರಾ, ವಿಭಜನೆ ಕೇಳಿದಿರಾ? ಮೊದಲನೆಯದಕ್ಕೆ ಅವರ ಮಾತನ್ನೇ ನಂಬಬೇಕಾಗಬಹುದು. ಎರಡನೆಯದಕ್ಕೆ ಸದನದ ನಡವಳಿಯ ಮುದ್ರಿತ ಪ್ರತಿಯಲ್ಲಿ ಉತ್ತರವಿರುತ್ತದೆ.